ಮಗು ಮೊದಲು ಹೇಳಿದ್ದು

ಬೆಳಿಗ್ಗೆ ಏಳೂವರೆಗೆ ಠಾಣೆಗೆ ಬಂದ ಮುದುಕಿ ಹೊಸ್ತಿಲಾಚೆಯೇ ನಿಂತಳು. ಕರೆಯದೆ ಒಳಗೆ ಕಾಲಿಡಬಾರದೆಂಬ ಜೈಲಿನ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಜಾವ ಯಾರೋ ಕಿಟಕಿಯಿಂದ ಉರಿಯುವ ಬಟ್ಟೆ ಎಸೆದಿದ್ದಾರೆ, ಹಾಸಿಗೆ ಸುಟ್ಟಿದೆ ಎಂದು ದೂರು ಕೊಟ್ಟಳು.

ರೈಟರ್ ಇನ್‌ಸ್ಪೆಕ್ಟರ್ ಕಿವಿಯಲ್ಲಿ ಉಸುರಿದ: "ಮೇಡಂ, ಇವಳು ಆ ಶಿಶುವಿಹಾರದ ಆಯಾ ಅಲ್ವಾ?"

ಇನ್‌ಸ್ಪೆಕ್ಟರಿಗೆ ಆ ಕೇಸು ಗೊತ್ತಿತ್ತು. ಒಂದು ಮಗುವಿನ ಬೆನ್ನ ಮೇಲಿನ ಗುಳ್ಳೆಗಳಿಂದ ಶುರುವಾಗಿದ್ದು. ಗಾಳಿಮಾತಿಗೆ ಕೈಕಾಲು ಮೂಡಿ, ಹದಿನೇಳು ಮಕ್ಕಳ ಮೇಲೆ ದೌರ್ಜನ್ಯವಾಗಿದೆ ಎನ್ನುವಲ್ಲಿಗೆ ಬಂದು ನಿಂತಿತ್ತು. ನೆಲಮಾಳಿಗೆಯೇ ಇಲ್ಲದ ಕಟ್ಟಡದಲ್ಲಿ ಆಯಾ ತಮ್ಮನ್ನು ನೆಲಮಾಳಿಗೆಗೆ ಒಯ್ದಳೆಂದು ಮಕ್ಕಳು ಸಾಕ್ಷಿ ನುಡಿದಿದ್ದವು. ಒಂಬತ್ತು ವರ್ಷದ ಮೇಲೆ ಮೇಲಿನ ಕೋರ್ಟು ನಿರಪರಾಧಿ ಎಂದು ಬಿಟ್ಟಿತು. ಊರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

"ಎಫ್‌ಐಆರ್ ಬರಿ," ಎಂದಳು ಇನ್‌ಸ್ಪೆಕ್ಟರ್.

ಪಂಚನಾಮೆಗೆ ನೆರೆಯವರು ಯಾರೂ ಬರಲಿಲ್ಲ. ಎದುರುಮನೆಯವನು "ನಮಗ್ಯಾಕೆ ಊರ ಉಸಾಬರಿ" ಎಂದು ಬಾಗಿಲು ಹಾಕಿಕೊಂಡ. ಕೊನೆಗೆ ರಸ್ತೆ ಅಗೆಯುತ್ತಿದ್ದ ಇಬ್ಬರು ಕೂಲಿಯವರೇ ಪಂಚರಾದರು. ಆಯಾಳದು ಒಂದೇ ಕೋಣೆಯ ಮನೆ. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಆಯಾ ಆ ಕುರ್ಚಿಯ ಮಸಿ ಒರೆಸಿ ಮುಂದೆ ಸರಿಸಿದಳು.

"ಕೂತ್ಕೊಳ್ಳಿ. ಈ ಮನೆಗೆ ಬಂದ ಮೊದಲನೇ ನೆಂಟರು ನೀವೇ."

"ಯಾರ ಮೇಲಾದ್ರೂ ಅನುಮಾನ?"

"ಊರಿನ ಮೇಲೆ ಅಂತ ಬರ್ಕೊಳ್ಳೋಕಾಗುತ್ತಾ?" ಮುದುಕಿ ನಕ್ಕಳು.

ಅರೆಬೆಂದ ಬಟ್ಟೆಯ ಅಂಚಿನಲ್ಲಿ ಲಾಂಡ್ರಿಯ ಶಾಯಿಗುರುತು ಉಳಿದಿತ್ತು. ಕಾನ್‌ಸ್ಟೇಬಲ್ ಅಂಗಡಿ ಅಂಗಡಿ ಅಲೆದು ಮಧ್ಯಾಹ್ನದ ಹೊತ್ತಿಗೆ ಪತ್ತೆ ಹಚ್ಚಿದ. ಕಲೆಯಾದ್ದರಿಂದ ಗಿರಾಕಿ ಬಿಟ್ಟುಹೋದ ಅಂಗಿ. ಆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು ಅದನ್ನು ಮನೆಗೆ ಒಯ್ದಿದ್ದಳು. ಅವಳ ಕೈತುಂಬ ಸುಟ್ಟ ಕಲೆಗಳು. ಅದರಲ್ಲೇನೂ ವಿಶೇಷವಿರಲಿಲ್ಲ. ಆದರೆ ಬಲಹುಬ್ಬು ಅರ್ಧ ಸೀದಿತ್ತು. ಇಸ್ತ್ರಿಪೆಟ್ಟಿಗೆ ಕೈ ಸುಡುತ್ತದೆ, ಹುಬ್ಬನ್ನಲ್ಲ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಅವಳೆದುರು ಕೂತಳು.

"ನಿನ್ನ ಮಗು ಆ ಶಿಶುವಿಹಾರಕ್ಕೆ ಹೋಗ್ತಿತ್ತಾ?"

"ಮೊದಲನೇ ದೂರೇ ನಂದು."

"ಮಗು ಏನಂದಿತ್ತು?"

"ಏನೂ ಆಗಿಲ್ಲ ಅಂತು. ಸರ್ಕಾರಿ ವಕೀಲರು ಮತ್ತೆ ಕೇಳಿ ಅಂದ್ರು. ದಿನಾ ಸಂಜೆ ಅವರ ಆಫೀಸಿಗೆ ಕರ್ಕೊಂಡೋದೆ. ಇಲ್ಲ ಅಂದಷ್ಟು ದಿನ ಊಟದ ಹೊತ್ತಾದ್ರೂ ಮನೆಗೆ ಬಿಡ್ಲಿಲ್ಲ. ಹೂಂ ಅಂದ ದಿನ ಗೊಂಬೆ ಕೊಟ್ರು."

"ಇಲ್ಲ ಅಂದಿದ್ದು ಕೋರ್ಟಿಗೆ ಗೊತ್ತಾಯ್ತಾ?"

"ಆ ಮಾತೇ ಎತ್ತಬೇಡಿ ಅಂದ್ರು. ಡಾಕ್ಟ್ರು ಆ ಗುಳ್ಳೆ ಬರೀ ಬೆವರುಸಾಲೆ ಅಂದಿದ್ದನ್ನೂ ಮುಚ್ಚಿಟ್ರು."

"ಇಷ್ಟೆಲ್ಲ ಗೊತ್ತಿದ್ದೂ ಬೆಂಕಿ ಹಾಕಿದ್ಯಾ?"

"ಅವಳು ಏನೂ ಮಾಡಿಲ್ಲ ಅಂದ್ರೆ," ಇಸ್ತ್ರಿಯವಳ ದನಿ ಸಣ್ಣಗಾಯಿತು, "ನನ್ನ ಮಗು ರಾತ್ರಿಯೆಲ್ಲ ಬೆಚ್ಚಿಬೀಳ್ತಿದ್ದಿದ್ದು ಯಾರಿಂದ ಮೇಡಂ?"

ಇನ್‌ಸ್ಪೆಕ್ಟರ್ ಹೇಳಿಕೆ ಓದಿ ಹೇಳಿ ಸಹಿ ಹಾಕಿಸಿದಳು. ಸಾಕ್ಷ್ಯ ಮುಚ್ಚಿಟ್ಟ ವಕೀಲರ ಮೇಲೆ ಬೇರೆ ಪ್ರಕರಣ ದಾಖಲಿಸಲು ಮೇಲಧಿಕಾರಿಗಳಿಗೆ ವರದಿ ಬರೆದಳು. ಸಂಜೆ ಆರೂಕಾಲಿಗೆ ಬಂಧನವಾಯಿತು. ಮನೆಯವರಿಗೆ ತಿಳಿಸಬೇಕಿತ್ತು. ಇದ್ದವಳು ಆ ಮಗಳೊಬ್ಬಳೇ, ದೂರದ ಹಾಸ್ಟೆಲ್ಲಿನಲ್ಲಿ.

"ನಾನು ಫೋನ್ ಮಾಡಿದ್ರೆ ಎತ್ತಲ್ಲ," ಎಂದಳು ತಾಯಿ.

ಠಾಣೆಯ ಫೋನಿನಿಂದ ಮಾಡಿದಾಗ ಹುಡುಗಿ ಎತ್ತಿದಳು. ಎಲ್ಲ ಕೇಳಿಸಿಕೊಂಡು, "ಆಯಾ ಅಮ್ಮಂಗೆ ಏನೂ ಆಗಿಲ್ಲ ತಾನೇ?" ಎಂದಳು. ಇಲ್ಲ ಎಂದ ಮೇಲೆ ಫೋನ್ ಇಟ್ಟುಬಿಟ್ಟಳು.

ಲಾಕಪ್ಪಿನ ಕಂಬಿ ಹಿಡಿದು ತಾಯಿ ನಿಂತಿದ್ದಳು. "ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?"

"ಕೇಳಿದ್ಲು," ಎಂದಳು ಇನ್‌ಸ್ಪೆಕ್ಟರ್, ಮುಖ ತಿರುಗಿಸಿಕೊಂಡು.