ಆರಿಸಿ ಬಿಟ್ಟ ಮೀನುಗಳು

ಮಾರ್ಚ್ ಒಂಬತ್ತು, ಸೋಮವಾರ. ಮಧ್ಯಾಹ್ನ ಮೂರೂವರೆಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುತ್ತ ಹೆಡ್ ಕಾನ್‌ಸ್ಟೆಬಲ್ ಎರಡು ಸಲ ಪೆನ್ನು ಕೆಳಗಿಟ್ಟ. ದೂರುದಾರ ಮುಖ್ಯರಸ್ತೆಯ ಕನ್ನಡಕದಂಗಡಿಯ ಯಜಮಾನ, ಅರವತ್ತರ ಆಸುಪಾಸಿನವನು. ಕಳುವಾದದ್ದು ಮೀನು.

"ತಿನ್ನೋ ಮೀನಾ?"

"ಅಲ್ರೀ! ಡಿಸ್ಕಸ್. ಸಾಕೋ ಮೀನು. ತಟ್ಟೆ ಥರ ದುಂಡಗಿರುತ್ತೆ. ಒಂದು ಜೋಡಿ, ಎಂಬತ್ತಾರು ಮರಿ."

ಒಳಗೆ ಕೂತಿದ್ದ ಇನ್‌ಸ್ಪೆಕ್ಟರ್‌ಗೆ ಎಲ್ಲ ಕೇಳಿಸಿತು. ಆ ವಾರ ಎರಡು ಸರಗಳ್ಳತನ ಪತ್ತೆಯಾಗದೆ ಉಳಿದಿದ್ದವು, ಜೀಪು ರಿಪೇರಿಗೆ ಹೋಗಿ ಆರು ದಿನವಾಗಿತ್ತು, ಮೇಲಧಿಕಾರಿಯ ಫೋನು ದಿನಕ್ಕೆ ಮೂರು ಸಲ ಬರುತ್ತಿತ್ತು. ಈಗ ಇದೊಂದು ಬಾಕಿ ಇತ್ತು ಎಂದು ಗೊಣಗಿಕೊಂಡೇ ಎದ್ದ. ಆದರೆ ದೂರುದಾರ ಎಂಬತ್ತಾರು ಎಂಬ ಲೆಕ್ಕವನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಹಾಗೆ ಹೇಳುವವರನ್ನು ಇನ್‌ಸ್ಪೆಕ್ಟರ್ ಮಕ್ಕಳು ಕಾಣೆಯಾದ ಕೇಸುಗಳಲ್ಲಿ ನೋಡಿದ್ದ. ಎಫ್‌ಐಆರ್ ದಾಖಲಿಸಲು ಹೇಳಿದ.

ಸಂಜೆ ಐದಕ್ಕೆ ಸ್ಥಳ ಪಂಚನಾಮೆ. ಮನೆಯ ಹಿಂಭಾಗದ ಕೋಣೆಯಲ್ಲಿ ಹದಿನಾಲ್ಕು ಗಾಜಿನ ತೊಟ್ಟಿಗಳು, ಒಳಗೆ ಕಾಲಿಟ್ಟರೆ ಕನ್ನಡಕ ಮಂಜಾಗುವಷ್ಟು ಸೆಕೆ. ಎರಡು ತೊಟ್ಟಿಗಳಲ್ಲಿ ಮೀನಿರಲಿಲ್ಲ, ನೀರು ಅರ್ಧಕ್ಕಿಳಿದಿತ್ತು. ಬೀಗ ಒಡೆದಿರಲಿಲ್ಲ.

"ಹನ್ನೊಂದು ವರ್ಷದ ಕೆಲಸ ಸಾರ್," ಎಂದ ಯಜಮಾನ. "ನಾನು ಹುಡುಗನಾಗಿದ್ದಾಗ ಈ ಮೀನಿನ ಬಣ್ಣವೇ ಬೇರೆ. ಸುಟ್ಟ ಇಟ್ಟಿಗೆ ಥರದ ಮೈ, ಅದರ ಮೇಲೆ ಒಂಬತ್ತು ಕಪ್ಪು ಪಟ್ಟೆ, ಅಂಚಿಗೆ ನೀಲಿ ಗೆರೆ. ಆಮೇಲೆ ಮಾರ್ಕೆಟ್ಟಿಗೆ ಅಂತ ಬರೀ ಢಾಳು ಬಣ್ಣದವನ್ನೇ ಬೆಳೆಸಿ ಬೆಳೆಸಿ, ಆ ಹಳೇ ತಳಿಯೇ ಹೋಯ್ತು. ನಾನು ನದಿಯಲ್ಲಿ ಹಿಡಿದ ಕಾಡು ಮೀನು ತರಿಸಿ, ಪ್ರತಿ ಪೀಳಿಗೇನೂ ಆರಿಸಿ ಕೂಡಿಸ್ತಾ ಬಂದೆ. ಮರಿಗೆ ಹತ್ತು ವಾರ ಆದಾಗ ನೋಡೋದು, ಹಳೇ ಬಣ್ಣದ ಕುರುಹು ಇರೋ ಐದಾರು ಇಟ್ಕೊಳ್ಳೋದು."

"ಉಳಿದವು?"

"ಉಳಿದವನ್ನ ಉಳಿಸಲ್ಲ. ತಳಿ ಕೆಡುತ್ತೆ."

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಳ್ಳಲಿಲ್ಲ. ಬೀಗದ ಕೈ ಯಾರ್ಯಾರ ಹತ್ತಿರ ಇದೆ ಎಂದು ಕೇಳಿದ. ಒಂದು ತನ್ನ ಬಳಿ, ಇನ್ನೊಂದು ತಂಗಿಯ ಬಳಿ ಎಂದ ಯಜಮಾನ. ಎರಡು ಬೀದಿ ಆಚೆ ಇರುವ ಆಕೆ ಹೊಲಿಗೆ ಕೆಲಸದವಳು, ದಿನಾ ಬೆಳಿಗ್ಗೆ ಬಂದು ತೊಟ್ಟಿ ತೊಳೆದು ಹೋಗುವವಳು.

"ಅವಳ ಮೇಲೇನಾದ್ರೂ ಅನುಮಾನ?"

"ನನ್ನ ತಂಗಿ ಮೇಲಾ? ಸುಮ್ನಿರಿ ಸಾರ್. ಈ ಮೀನುಗಳಿಗೆ ಅವಳು ಸವೆಸಿದಷ್ಟು ಕೈ ನಾನೇ ಸವೆಸಿಲ್ಲ. ಇದು ಆ ಬಸ್‌ಸ್ಟ್ಯಾಂಡ್ ಹತ್ತಿರದ ಮೀನಂಗಡಿಯವನದೇ ಕೆಲಸ. ಮೂರು ಸಲ ಕೇಳಿದ್ದ, ಕೊಡಲ್ಲ ಅಂದಿದ್ದೆ."

ತಂಗಿ ಬಾಗಿಲ ಬಳಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಹತ್ತು ಗಂಟೆಗೆ ಕೆಲಸ ಮುಗಿಸಿ ಬೀಗ ಹಾಕಿಕೊಂಡು ಹೋದೆ ಎಂದಳು. ಎದುರು ಮನೆಯ ಇಸ್ತ್ರಿ ಅಂಗಡಿಯವನು ಇಡೀ ದಿನ ಅಲ್ಲೇ ಇದ್ದವನು. ಯಾರೂ ಬರಲಿಲ್ಲ ಎಂದ. ಆಣೆ ಮಾಡಲೂ ತಯಾರಿದ್ದ.

ಮುಂದಿನ ಎಂಟು ದಿನ ಇನ್‌ಸ್ಪೆಕ್ಟರ್‌ನ ತಾಳ್ಮೆ ತಿಂದವು. ಮೀನಂಗಡಿಯವನ ಅಂಗಡಿ, ಮನೆ, ಅವನ ಭಾವನ ಗೋದಾಮು ಎಲ್ಲ ಶೋಧಿಸಿದರು. ಸಿಕ್ಕಿದ್ದು ಕಿತ್ತಳೆ ಬಣ್ಣದ ಮೀನು, ಇನ್‌ಸ್ಪೆಕ್ಟರ್ ಮೇಲೆಯೇ ಒಂದು ದೂರರ್ಜಿ ಮತ್ತು ವಕೀಲರ ನೋಟಿಸು. ಬೆರಳಚ್ಚಿನವರು ಬಂದು, ಒದ್ದೆ ಗಾಜಿನ ಮೇಲೆ ಏನೂ ಸಿಗುವುದಿಲ್ಲ ಎಂದು ಹೇಳಿ ಟೀ ಕುಡಿದು ಹೋದರು. ಮೇಲಧಿಕಾರಿ ಫೋನಿನಲ್ಲಿ, "ಏನ್ರೀ, ಗಾಳ ಹಾಕೋಕೆ ಹುಳು ಕಳಿಸ್ಲಾ?" ಎಂದು ನಕ್ಕರು. ಇನ್‌ಸ್ಪೆಕ್ಟರ್ ಫೋನಿಟ್ಟು ಎದುರಿಗಿದ್ದ ಫೈಲನ್ನು ಮೇಜಿನ ಆಚೆ ತುದಿಗೆ ತಳ್ಳಿದ. ಐದು ನಿಮಿಷ ಬಿಟ್ಟು ತಾನೇ ಎಳೆದುಕೊಂಡ.

ಹದಿನೆಂಟನೇ ತಾರೀಕು ಪಂಚನಾಮೆಯನ್ನು ಮತ್ತೆ ಓದುವಾಗ ಒಂದು ಸಾಲು ಕಣ್ಣಿಗೆ ಚುಚ್ಚಿತು. ಎರಡೂ ಖಾಲಿ ತೊಟ್ಟಿಗಳ ಹೀಟರ್ ಸ್ವಿಚ್ ಆಫ್ ಆಗಿತ್ತು. ಮೀನುಗಾರಿಕೆ ಇಲಾಖೆಯ ಅಧಿಕಾರಿಗೆ ಫೋನು ಮಾಡಿದ.

"ನೀರು ಇಳಿದಾಗ ಹೀಟರ್ ಉರೀತಿದ್ರೆ ಗಾಜು ಒಡೆಯುತ್ತೆ," ಎಂದರು ಅವರು. "ಗೊತ್ತಿದ್ದವರು ಮೊದಲು ಆಫ್ ಮಾಡ್ತಾರೆ."

"ಅವಸರದಲ್ಲಿರೋ ಕಳ್ಳ?"

"ಅವನಿಗ್ಯಾಕೆ ಬೇಕು ಆ ಉಸಾಬರಿ?"

"ಈ ಮೀನು ಬದುಕಿರಬೇಕಾದ್ರೆ?"

"ಹಗಲೂ ರಾತ್ರಿ ಇಪ್ಪತ್ತೊಂಬತ್ತು ಡಿಗ್ರಿ ಬಿಸಿ ಇರಬೇಕು. ಕರೆಂಟ್ ಕುಡಿಯುತ್ತೆ ನೋಡಿ."

ಆ ಬಡಾವಣೆಯಲ್ಲಿ ಮಿತಿಮೀರಿ ಕರೆಂಟ್ ಬಳಸುವ ಮನೆಗಳ ಪಟ್ಟಿ ಬೇಕೆಂದು ವಿದ್ಯುತ್ ಕಚೇರಿಗೆ ಪತ್ರ ಹೋಯಿತು. ನಮೂನೆ ಸರಿಯಿಲ್ಲವೆಂದು ವಾಪಸ್ ಬಂತು. ಸರಿ ಮಾಡಿ ಕಳಿಸಿದರೆ ಗುಮಾಸ್ತ ರಜೆ. ಹೆಡ್ ಕಾನ್‌ಸ್ಟೆಬಲ್ ಮೂರು ದಿನ ಆ ಕಚೇರಿಯ ಬೆಂಚು ಕಾದು, ಇಪ್ಪತ್ತಾರರಂದು ಪಟ್ಟಿ ತಂದು ಮೇಜಿನ ಮೇಲಿಟ್ಟ.

"ಒಂದು ಬೇಕರಿ, ಒಂದು ಹಿಟ್ಟಿನ ಗಿರಣಿ, ನಮ್ಮ ದೂರುದಾರ. ನಾಲ್ಕನೇದು ನೋಡಿ ಸಾರ್. ಆ ತಂಗಿ. ಒಂಟಿ ಹೆಂಗಸು. ಹೊಲಿಗೆ ಮಿಷನ್ನೂ ಕಾಲಲ್ಲಿ ತುಳಿಯೋದು."

"ಈ ತಿಂಗಳು ಜಾಸ್ತಿ ಆಗಿದೆಯಾ?"

"ಅದೇ ವಿಚಿತ್ರ. ನಾಲ್ಕು ವರ್ಷದಿಂದ ಹೀಗೇ ಇದೆ."

ಇನ್‌ಸ್ಪೆಕ್ಟರ್ ನೇರ ಇಸ್ತ್ರಿ ಅಂಗಡಿಗೆ ಹೋದ. "ಅವತ್ತು ಯಾರೂ ಬರಲಿಲ್ಲ ಅಂದ್ಯಲ್ಲ, ಅವರ ತಂಗಿ?"

"ಅಕ್ಕ ಬಂದೇ ಬರ್ತಾರಲ್ಲ ಸಾರ್. ಬಕೆಟ್ಟಲ್ಲಿ ಕೊಳಕು ನೀರು ಹೊತ್ತು ಹಾಕ್ತಾರೆ. ಅವತ್ತು ಮೂರ್ನಾಲ್ಕು ಸಲ ಓಡಾಡಿದ್ರು."

"ಅದನ್ನ ಯಾಕಯ್ಯಾ ಹೇಳಲಿಲ್ಲ?"

"ನೀವು ಯಾರಾದ್ರೂ ಬಂದ್ರಾ ಅಂತ ಕೇಳಿದ್ರಿ."

ಇನ್‌ಸ್ಪೆಕ್ಟರ್ ಅವನನ್ನು ಬೈಯಲು ಬಾಯಿ ತೆರೆದ, ಆದರೆ ಬೈಸಿಕೊಳ್ಳಬೇಕಾದವನು ತಾನೇ ಎನ್ನಿಸಿತು. ಹದಿನೇಳು ದಿನ. ಮೊದಲ ಸಂಜೆಯೇ ಎದುರಿಗೆ ನಿಂತಿದ್ದವಳನ್ನು ಬಾಗಿಲಂತೆ ದಾಟಿ ಹೋಗಿದ್ದ.

ಇಪ್ಪತ್ತೇಳರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ಮಹಿಳಾ ಕಾನ್‌ಸ್ಟೆಬಲ್ ಮತ್ತು ಇಬ್ಬರು ಪಂಚರೊಡನೆ ಅವಳ ಮನೆಯ ಬಾಗಿಲು ತಟ್ಟಿದರು. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು, ಏನೂ ಕೇಳದೆ ಒಳಕೋಣೆಯ ಪರದೆ ಸರಿಸಿದಳು. ಆರು ತೊಟ್ಟಿಗಳು. ಒಂದರಲ್ಲಿ ಜೋಡಿ. ಇನ್ನೆರಡರಲ್ಲಿ ಮರಿಗಳು. ಮಹಿಳಾ ಕಾನ್‌ಸ್ಟೆಬಲ್ ಮೂರು ಸಲ ಎಣಿಸಿದಳು. ಎಂಬತ್ತಾರೂ ಇದ್ದವು.

"ಮಾರೋಕಾ?" ಇನ್‌ಸ್ಪೆಕ್ಟರ್ ಕೇಳಿದ.

"ಇಲ್ಲ."

"ಮತ್ಯಾಕೆ?"

"ಹದಿನೈದನೇ ತಾರೀಕು ಭಾನುವಾರ ಆರಿಸೋದಿತ್ತು." ಅವಳು ಸ್ಟೂಲಿನ ಮೇಲೆ ಕೂತಳು. "ಅಣ್ಣ ಬೆರಳು ತೋರಿಸ್ತಾನೆ, ಎದ್ದು ಅಂಗಡಿಗೆ ಹೋಗ್ತಾನೆ. ಬೇಡದ್ದನ್ನ ಸಾಯ್ಲಿ ಅಂತ ಐಸ್ ನೀರಿಗೆ ಹಾಕೋದು ನಾನು. ಏಳು ವರ್ಷ ಹಾಕಿದೆ ಸಾರ್. ಆಮೇಲೆ ಒಂದಿನ ಕೈ ಏಳಲಿಲ್ಲ. ಬಕೆಟ್ಟಲ್ಲಿ ಇಲ್ಲಿಗೆ ತಂದೆ."

"ಎಲ್ಲವನ್ನೂ?"

"ಆರು ತೊಟ್ಟಿಗೆ ಎಷ್ಟು ಹಿಡಿಸುತ್ತೆ? ಕೆಲವನ್ನ ಅವರಿವರಿಗೆ ಕೊಟ್ಟೆ. ಕೆಲವನ್ನ..." ಅವಳು ತಲೆ ತಗ್ಗಿಸಿದಳು. "ನಾನೂ ಆರಿಸಿದ ಹಾಗೇ ಆಯ್ತಲ್ಲ. ಅದಕ್ಕೇ ಈ ಸಲ ಜೋಡೀನೇ ತಂದ್ಬಿಟ್ಟೆ. ಮರಿ ಆದ್ರೆ ತಾನೆ ಆರಿಸೋದು?"

ಮಹಜರು ಬರೆಯುವಷ್ಟರಲ್ಲಿ ಸ್ವತ್ತು ಗುರುತಿಸಲು ಅಣ್ಣ ಬಂದ. ತಂಗಿಯತ್ತ ನೋಡದೆ ನೇರ ತೊಟ್ಟಿಯ ಬಳಿ ಹೋದ. ಜೋಡಿಯನ್ನು ನೋಡಿ ತನ್ನದೇ ಎಂದು ತಲೆಯಾಡಿಸಿದ. ತಿರುಗುವಾಗ ಕಿಟಕಿ ಪಕ್ಕದ ತೊಟ್ಟಿಯೆದುರು ಅವನ ಕಾಲು ನಿಂತಿತು. ಅಂಗೈಯಗಲದ ಐದು ಮೀನು ನಿಧಾನ ತಿರುಗುತ್ತಿದ್ದವು. ಇಟ್ಟಿಗೆಗೆಂಪು ಮೈ, ಒಂಬತ್ತು ಪಟ್ಟೆ, ಅಂಚಿಗೆ ಎಳೆದಿಟ್ಟಂಥ ನೀಲಿ.

"ಇವೆಲ್ಲಿಂದ ಬಂದವು?"

"ನೀನು ಬೇಡ ಅಂದವು. ಮೂರು ವರ್ಷದ ಹಿಂದಿನವು. ಈ ಬಣ್ಣ ಹತ್ತು ವಾರಕ್ಕೆ ಬರಲ್ಲ ಅಣ್ಣ. ಎರಡು ವರ್ಷ ತುಂಬಬೇಕು. ಅಲ್ಲೀವರೆಗೆ ಮಣ್ಣು ಬಣ್ಣ."

ಅವನು ಗಾಜಿಗೆ ಹಣೆ ಒತ್ತಿದ. "ಹನ್ನೊಂದು ವರ್ಷ," ಎಂದ. ಮತ್ತೆ ಅದನ್ನೇ ಅಂದ. "ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ನೀನು ಇವನ್ನೂ ಮನೆಗೆ ತಗೊಂಡು ಹೋಗಿ, ಮತ್ತೆ ಆರಿಸ್ತಿದ್ದೆ."

ಅಣ್ಣ ಗಾಜಿನಿಂದ ಹಣೆ ತೆಗೆದ. ಇನ್‌ಸ್ಪೆಕ್ಟರ್ ಕಡೆ ತಿರುಗಿ, ದೂರು ವಾಪಸ್ ತಗೋತೀನಿ ಎಂದ.

"ಅದನ್ನ ಕೋರ್ಟಲ್ಲಿ ಹೇಳ್ಬೇಕು. ನನ್ನ ಕೈಲಿಲ್ಲ," ಎಂದ ಇನ್‌ಸ್ಪೆಕ್ಟರ್. ಅವನ ದನಿ ಬೇಕಾದ್ದಕ್ಕಿಂತ ಒರಟಾಯಿತು. ಕೇಸು ಪತ್ತೆಯಾದಾಗ ಸಿಗುವ ಹಗುರ ಅವನಿಗೆ ಸಿಕ್ಕಿರಲಿಲ್ಲ.

ಮಧ್ಯಾಹ್ನ ಒಂದೂ ಹತ್ತಕ್ಕೆ ಬಂಧನ ಎಂದು ದಾಖಲಾಯಿತು. ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಡೈರಿ ಬರೆಯುತ್ತ, "ಅಪರಾಧದ ಉದ್ದೇಶ ಏನಂತ ಹಾಕ್ಲಿ ಸಾರ್? ಲಾಭ ಇಲ್ಲ, ದ್ವೇಷ ಇಲ್ಲ," ಎಂದ.

ಇನ್‌ಸ್ಪೆಕ್ಟರ್ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ತಾನೇ ಬರೆದ: ಆಪಾದಿತಳಿಗೆ ಕೊಲ್ಲುವ ಕೆಲಸ ಕೊಡಲಾಗಿತ್ತು. ಬೇಡವೆನ್ನಲು ಆಕೆಯನ್ನು ಯಾರೂ ಕೇಳಿರಲಿಲ್ಲ.