ಹೆಸರು ಕೇಳುವ ಕಂಪ್ಯೂಟರ್

"ಅದು ಎಸ್ರು ಕೇಳ್ತದೆ ಕಣಪ್ಪ. ಕೇಳಿದ್ರೂ ನಿನ್ನೆಸ್ರು ಮಾತ್ರ ಒಡೀಬ್ಯಾಡ."

ಶೆಡ್ಡು ಗುಡಿಸುವ ರಾಮಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಇಷ್ಟು ಹೇಳಿದಾಗ ಅಂಜನ್ ನಕ್ಕುಬಿಟ್ಟ. ಲಗ್ಗೆರೆಯ ಆ ತಗಡಿನ ಶೆಡ್ಡಿಗೆ ಅವನು ಕೆಲಸಕ್ಕೆ ಸೇರಿ ಅವತ್ತಿಗೆ ಮೂರನೇ ದಿನ.

"ಹೆಸರು ಕೇಳಿ ಹೆಣ್ಣು ತೋರಿಸ್ತದಾ ಅಜ್ಜಿ? ಹಂಗಿದ್ರೆ ಗೋತ್ರನೂ ಹೊಡೀತೀನಿ."

ಪ್ರೆಸ್ ಓಡಿಸುವ ಪ್ರಸನ್ನ ಮಾತಿಗೆ ಮಾತು ಸೇರಿಸುವ ಆಸಾಮಿ. ಅವನೂ ನಗಲಿಲ್ಲ. ಎಣ್ಣೆಬಟ್ಟೆಯಲ್ಲಿ ಕೈ ಒರೆಸುತ್ತಾ ಆಚೆ ನೋಡಿದ.

ಕಬ್ಬಿಣದ ತಗಡನ್ನು ಒತ್ತಿ ವಾಷರ್ ಕತ್ತರಿಸುವ ಶೆಡ್ಡು ಅದು. ದೊಡ್ಡ ಪ್ರೆಸ್ಸಿನ ಮಗ್ಗುಲಲ್ಲೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಮರದ ಮೇಜಿನ ಮೇಲೆ ಆ ಕಂಪ್ಯೂಟರ್ ಕೂತಿತ್ತು. ತಗಡು ಎಷ್ಟು ಮುಂದೆ ಸರಿಯಬೇಕು, ಪ್ರೆಸ್ಸಿನ ತಲೆ ಯಾವಾಗ ಇಳಿಯಬೇಕು, ಎಲ್ಲ ಅದರದೇ ಹುಕುಂ. ಇಪ್ಪತ್ತೈದು ವರ್ಷದ ಹಳೆಯದು. ಬಿಳಿ ಡಬ್ಬ ಮುದುಕರ ಹಲ್ಲಿನ ಹಾಗೆ ಹಳದಿಯಾಗಿತ್ತು. ಗುಡಾಣದಂಥ ಮಾನಿಟರಿನ ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರ ಮೂಡುತ್ತಿದ್ದವು. ಅದನ್ನು ಕಿತ್ತು ಹೊಸದು ಕೂರಿಸಲೆಂದೇ ಯಜಮಾನ ಶ್ರೀಧರ್ ಅಂಜನನನ್ನು ಕರೆಸಿದ್ದು.

ಆದರೆ ಅಂಜನನಿಗೆ ಅದನ್ನು ಕೀಳುವ ಮನಸ್ಸು ಬರಲಿಲ್ಲ. ದೊಡ್ಡನೆಕ್ಕುಂದಿಯ ಅವನ ಬಾಡಿಗೆ ಕೋಣೆಯಲ್ಲಿ ಮಂಚದಡಿ ಅಂಥವೇ ಮೂರು ಇದ್ದವು, ಗುಜರಿಯಿಂದ ತಂದು ಜೀವ ಬರಿಸಿದವು. "ಸಾರ್, ಈಗಿನವು ಮೂರು ವರ್ಷಕ್ಕೆ ಮೂಲೆ ಸೇರ್ತವೆ. ಇದು ಇನ್ನೂ ಇಪ್ಪತ್ತು ವರ್ಷ ದುಡಿಯುತ್ತೆ, ಇರ್ಲಿ ಬಿಡಿ" ಎಂದ. ಶ್ರೀಧರ್ ಯಾಕೋ ನಿಟ್ಟುಸಿರು ಬಿಟ್ಟು, "ನಮ್ಮಪ್ಪನೂ ಹಂಗೇ ಅಂತಿದ್ರು" ಎಂದಷ್ಟೇ ಹೇಳಿ ಎದ್ದುಹೋದ.

ಪ್ರತಿ ಬೆಳಗ್ಗೆ ಅದು ಹಸಿರು ಅಕ್ಷರದಲ್ಲಿ ಆಪರೇಟರ್ ಹೆಸರು ಕೇಳುತ್ತಿತ್ತು. ರಾಮಮ್ಮ ಪೊರಕೆ ಬಿಟ್ಟು ಬಂದು, ಸೆರಗಿಗೆ ಕೈ ಒರೆಸಿ, ಒಂದೇ ಬೆರಳಲ್ಲಿ ಇಂಗ್ಲಿಷಿನ ಏಳು ಅಕ್ಷರ ಹೊಡೆಯುತ್ತಿದ್ದಳು. ಟಕ್. ಟಕ್. ಟಕ್. ಅಷ್ಟನ್ನು ಕಲಿಯಲೆಂದೇ ಅವಳು ಐವತ್ತರ ಪ್ರಾಯದಲ್ಲಿ ರಾತ್ರಿ ಶಾಲೆಗೆ ಹೋಗಿದ್ದಳಂತೆ. ಅವಳ ಬೆರಳು ತಾಕಿ ತಾಕಿ ಆ ಏಳು ಗುಂಡಿಗಳ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿದ್ದವು.

"ಯಾರ ಹೆಸರು ಅದು?" ಟೀ ಅಂಗಡಿಯಲ್ಲಿ ಅಂಜನ್ ಕೇಳಿದ.

"ಕೊಟ್ರೇಶ್. ಅವ್ಳ ಮಗ" ಎಂದ ಪ್ರಸನ್ನ. "ನನಗಿಂತ ಮುಂಚೆ ಆ ಪ್ರೆಸ್ ಓಡಿಸ್ತಿದ್ದ. ಸತ್ತು ಹತ್ತೊಂಬತ್ತು ವರ್ಷ ಆಯ್ತು."

ಪ್ರಸನ್ನ ಹೇಳಿದ ಕತೆ ಇಷ್ಟು: ಶೆಡ್ಡಿನ ಜಾಗ ಹಿಂದೆ ಅಣ್ಣ ತಮ್ಮಂದಿರ ರಾಗಿ ಹೊಲ. ಪಾಲು ಸಿಗದ ದಾಯಾದಿ ಶೆಡ್ಡಿಗೆ ಮಾಟ ಮಾಡಿಸಿದ. ಒಂದೇ ತಿಂಗಳಲ್ಲಿ ಮೂವರ ಬೆರಳು ಪ್ರೆಸ್ಸಿಗೆ ಸಿಕ್ಕಿ ಹೋದವು. ಕೊನೆಗೆ ಕೊಟ್ರೇಶನ ಬಲಗೈ ತಣ್ಣಗಾಗಿ ಕಪ್ಪಿಟ್ಟಿತು, ಗಾಯವಿಲ್ಲ, ರಕ್ತವಿಲ್ಲ. ಮೂರನೇ ದಿನ ಸತ್ತ. "ಅವತ್ತಿಂದ ಈ ಶೆಡ್ಡಲ್ಲಿ ಒಬ್ಬರಿಗೂ ಉಗುರು ಕಿತ್ತಿಲ್ಲ ಗುರು. ಅವನ ಹೆಸರು ಅದರೊಳಗೆ ಇರೋವರೆಗೂ ಅದು ಬೇರೆಯವರ ತಂಟೆಗೆ ಬರಲ್ಲ. ಬೆಳಗ್ಗೆ ಶಟರ್ ಎತ್ತಿದ್ರೆ ಪ್ರೆಸ್ಸಿಗೆ ಎಣ್ಣೆ ಬಿಟ್ಟಿರುತ್ತೆ. ಯಾರು ಬಿಟ್ರು ಅಂತ ನಾವ್ಯಾರೂ ಕೇಳಲ್ಲ."

"ಒಳ್ಳೆ ಆಪರೇಟರ್. ಪಿಎಫ್ ಇಲ್ಲ, ರಜಾ ಇಲ್ಲ" ಎಂದು ಅಂಜನ್ ಪ್ರಸನ್ನನ ಬೆನ್ನು ತಟ್ಟಿದ.

ಮರುದಿನ ಧೂಳು ತೆಗೆಯಲು ಡಬ್ಬದ ಮುಚ್ಚಳ ಬಿಚ್ಚಿದ. ಗಪ್ಪೆಂದು ವಾಸನೆ ಹೊಡೆಯಿತು. ಸುಟ್ಟ ಕೂದಲು, ಹಳೆ ಕುಂಕುಮ. ಒಳಗೆ, ತಂತಿಗಳ ನಡುವೆ, ಸುರುಳಿ ಸುತ್ತಿದ ತಾಮ್ರದ ತಗಡು. ಅದಕ್ಕೆ ಕೂದಲ ಕಟ್ಟು. "ಕಂಪ್ಯೂಟರಿಗೂ ತಾಯತ!" ಎಂದು ನಕ್ಕು, ಇದ್ದಲ್ಲೇ ಬಿಟ್ಟು ಮುಚ್ಚಿದ. ಬೆರಳಿಗೆ ಹತ್ತಿದ ವಾಸನೆ ಮಾತ್ರ ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ.

ಆಯುಧಪೂಜೆ ಬಂತು. ಬಾಳೆಕಂದು, ಚೆಂಡುಹೂವು, ಕರ್ಪೂರ. ಮೇನ್ ಸ್ವಿಚ್ ಕೆಳಗಿಳಿಸಿ ಪ್ರೆಸ್ಸಿಗೂ ಕಂಪ್ಯೂಟರಿಗೂ ಕುಂಕುಮ ಹಚ್ಚಿದರು. ಪೂಜೆಯಾದ ಆಯುಧವನ್ನು ಮರುದಿನದವರೆಗೂ ಯಾರೂ ಮುಟ್ಟುವುದಿಲ್ಲ. ಕಡ್ಲೆಪುರಿ ಪೊಟ್ಟಣ ಹಿಡಿದು ಎಲ್ಲರೂ ಮನೆಗೆ ಹೋದರು. ಸ್ಕೂಟರಿನವರು ಜಾರಿ ಬಿದ್ದಾರೆಂದು ರಾಮಮ್ಮ ರಸ್ತೆಗಿಳಿದು ಒಡೆದ ಬೂದುಗುಂಬಳದ ಹೋಳು ಗುಡಿಸುತ್ತಿದ್ದಳು.

ಅಂಜನ್ ಉಳಿದುಕೊಂಡ. ಬೇರೆ ಯಾವ ಮೆಷಿನ್ನಿನ ಸದ್ದೂ ಇಲ್ಲದ ಹೊತ್ತಲ್ಲಿ ಆ ಹಳೇ ಕಂಪ್ಯೂಟರ್ ಏಳುವ ಸದ್ದು ಒಮ್ಮೆ ಕೇಳಬೇಕು ಎಂಬ ಆಸೆ ಅವನಿಗೆ. ಅರ್ಧ ಇಳಿಸಿದ ಶಟರಿನೊಳಗೆ ನಡುಮಧ್ಯಾಹ್ನವೂ ಕತ್ತಲೆ ಕತ್ತಲೆ. ಆಫೀಸಿನ ಲೈನು ಬೇರೆ; ಅಲ್ಲಿನ ಪ್ಲಗ್ಗಿನಿಂದ ವೈರೆಳೆದು ಕಂಪ್ಯೂಟರಿಗೆ ಮಾತ್ರ ಕರೆಂಟು ಕೊಟ್ಟ. ಫ್ಯಾನು ಉಸಿರೆಳೆಯಿತು. ಫ್ಲಾಪಿ ಗೊರಗೊರ ಅಂದಿತು. ಹಸಿರು ಅಕ್ಷರ ಬಂದು ಹೆಸರು ಕೇಳಿತು.

ಅವನಿಗೆ ಶಾಲೆಯ ಕಂಪ್ಯೂಟರ್ ರೂಮು ನೆನಪಾಯಿತು. ಅರವತ್ತು ಹುಡುಗರಿಗೆ ಒಂದೇ ಕಂಪ್ಯೂಟರ್. ಬಾಗಿಲಾಚೆ ಚಪ್ಪಲಿ ಬಿಡಬೇಕು. ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ಎಲ್ಲರೂ ಹೊಡೆಯುತ್ತಿದ್ದುದು ಅವರವರ ಹೆಸರನ್ನೇ. ಅವನ ಸರದಿಯಲ್ಲಿ ಕೊನೆಯ ಅಕ್ಷರಕ್ಕೆ ಮುಂಚೆ ಕರೆಂಟು ಹೋಗಿತ್ತು. ಆ ಒಂದು ಅಕ್ಷರ ಇಪ್ಪತ್ತು ವರ್ಷದಿಂದ ಅವನ ಬೆರಳಲ್ಲೇ ಉಳಿದಿತ್ತು.

ಟಕ್. ಟಕ್. ಟಕ್. ಟಕ್.

ಟಕ್.

ಎಂಟರ್ ಒತ್ತಿದ.

ಫ್ಯಾನು ನಿಂತಿತು. ಚೆಂಡುಹೂವಿನ ವಾಸನೆ ಅಡಗಿ ಸುಟ್ಟ ಕೂದಲ ವಾಸನೆ ಎದ್ದಿತು. ಬೆನ್ನ ಹಿಂದೆ ಗಡಗಡ. ತಿರುಗಿ ನೋಡಿದ. ಪ್ರೆಸ್ಸಿನ ದೊಡ್ಡ ಚಕ್ರ ಸುತ್ತುತ್ತಿತ್ತು. ಗೋಡೆಯ ಮೇನ್ ಸ್ವಿಚ್ ನೋಡಿದ. ಕೆಳಗೇ ಇತ್ತು.

ಪ್ರೆಸ್ಸಿನ ತಲೆಯಡಿಯ ಉಕ್ಕಿನ ಅಚ್ಚಿನ ಮೇಲೆ, ಡೈ ಮೇಲೆ, ಪೂಜೆಗಿಟ್ಟ ಹಿತ್ತಾಳೆಯ ಕುಂಕುಮದ ಬಟ್ಟಲಿತ್ತು. ತಲೆ ಇಳಿದರೆ ಡೈ ಹಾಳಾಗುತ್ತದೆ. ಮೆಷಿನ್ನಿನ ಮೇಲೆ ಪ್ರೀತಿ ಇದ್ದವನ ಕೈ ಬಟ್ಟಲು ತೆಗೆಯಲು ತಾನಾಗಿ ಹೋಯಿತು.

ತಲೆ ಇಳಿಯಿತು.

ಜಜ್ಜಲಿಲ್ಲ. ಹಿಡಿದುಕೊಂಡಿತು. ಸಂತೆಯಲ್ಲಿ ಹಣ್ಣನ್ನು ಒತ್ತಿ ನೋಡುವ ಹಾಗೆ, ಮೆಲ್ಲಗೆ. ಬಲಗೈಯ ಐದೂ ಬೆರಳು ಒಳಗೆ. ಎಳೆದ. ಬರಲಿಲ್ಲ. ಕೂಗಿದ. ದನಿ ತಗಡಿಗೆ ಬಡಿದು ವಾಪಸು ಬಂತು. ಪರದೆಯ ಮೇಲೆ ಮತ್ತೆ ಅದೇ ಪ್ರಶ್ನೆ. ಹೆಸರು?

ಎಡಗೈ ಚಾಚಿ ಕೊಟ್ರೇಶನ ಹೆಸರು ಹೊಡೆದ. ಅಕ್ಷರಗಳು ಒಂದೊಂದಾಗಿ ಅಳಿಸಿಹೋದವು. ತಲೆ ಒಂದು ನೂಲು ಕೆಳಗಿಳಿಯಿತು. ಮೂಳೆ ಕಟಕ್ಕೆಂದಿತು.

ಶಟರಿನಡಿ ಬಗ್ಗಿ ರಾಮಮ್ಮ ಬಂದಳು. ಪರದೆ ನೋಡಿದಳು, ಅವನ ಕೈ ನೋಡಿದಳು.

"ಒಡ್ದೆಯಾ?"

"ಅಜ್ಜಿ, ಬಿಡ್ಸಜ್ಜಿ! ನಿನ್ನ ಮಗನ ಹೆಸರು ಹೊಡೀ ಅಜ್ಜಿ!"

"ಅವ್ನು ಇನ್ನೆಲ್ಲವ್ನೆ? ನಿನ್ನೆಸ್ರು ಸಿಗ್ತಲೇ ನನ್ ಕೂಸ್ನ ಬುಟ್ಟುಬುಡ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ದೊಡ್ಡ ಯಜಮಾನ್ರು, ಶ್ರೀಧರಪ್ಪೋರ ಅಪ್ಪ, ಅವ್ರ ಕೈನೂ ಇಂಗೇ ಇಡ್ಕಂಡಿತ್ತು. ಅವ್ರು ಗಾಬರೀಲಿ ನೆಪ್ಪಿಗೆ ಬಂದೋರ ಎಸ್ರು ಒಡುದ್ರು. ನನ್ ಮಗ ಆಗ ಅಲ್ಲಿ ಕುಂತು ಉಣ್ತಿದ್ದ."

ತಲೆ ಇನ್ನೊಂದು ನೂಲು ಇಳಿಯಿತು.

"ಅಜ್ಜಿ!"

"ನನ್ನೆಸ್ರು ಒಡಿ."

ಅವನು ಅವಳ ಮುಖ ನೋಡಿದ.

"ನಾನೇ ಒಡೀತಿದ್ದೆ. ಸಿಕ್ಕೊಂಡೋನೇ ಒಡೀಬೇಕು, ಇಲ್ದಿದ್ರೆ ಅದು ತಗಳಲ್ಲ. ಬಿರ್ರನೆ ಒಡಿ ಮಗಾ. ನಂಗಿನ್ಯಾರವ್ರೆ?"

ಬೇಡ ಅನ್ನಬೇಕಿತ್ತು. ಒಂದು ಸಲವಾದರೂ ಬೇಡ ಅನ್ನಬೇಕಿತ್ತು. ಬೆರಳು ಆಗಲೇ ಗುಂಡಿ ಹುಡುಕುತ್ತಿತ್ತು. ಟಕ್. ಟಕ್. ಟಕ್. ಟಕ್. ಟಕ್. ಟಕ್. ಟಕ್.

ತಲೆ ಮೇಲೆದ್ದಿತು. ಚಕ್ರ ನಿಂತಿತು. ಕೈ ಹೊರಗೆ ಬಂತು. ಕೆಂಪಗಿತ್ತು. ಅವನು ಬೆಚ್ಚಿಬಿದ್ದ. ಅದು ಬರೀ ಕುಂಕುಮ. ಐದು ಬೆರಳೂ ಇದ್ದವು.

ರಾಮಮ್ಮ ಪೊರಕೆ ಎತ್ತಿಕೊಳ್ಳಲು ಬಗ್ಗಿದಳು. ಬಲಗೈ ಏಳಲಿಲ್ಲ. ಎಡಗೈಯಲ್ಲಿ ಎತ್ತಿಕೊಂಡು, ಉಳಿದ ಕುಂಬಳದ ಹೋಳು ಗುಡಿಸಲು ಆಚೆ ಹೋದಳು.

ಮೂರನೇ ದಿನ ತೀರಿಕೊಂಡಳು. ಕೈ ಮೊಣಕೈವರೆಗೆ ಇದ್ದಿಲಾಗಿತ್ತು.

ಅಂಜನ್ ಕೆಲಸ ಬಿಡಲಿಲ್ಲ. ಈಗ ಬೆಳಗ್ಗೆ ರಾಮಮ್ಮನ ಹೆಸರಿನ ಏಳು ಅಕ್ಷರ ಹೊಡೆಯುವವನು ಅವನೇ. ಶಟರ್ ಎತ್ತಿದರೆ ಪ್ರೆಸ್ಸಿಗೆ ಎಣ್ಣೆ ಬಿಟ್ಟಿರುವುದಿಲ್ಲ. ನೆಲ ಗುಡಿಸಿರುತ್ತದೆ. ಕಬ್ಬಿಣದ ಚೂರೆಲ್ಲ ಒಂದು ಕಡೆ ಗುಡ್ಡೆಯಾಗಿರುತ್ತವೆ. ಪೊರಕೆ ಎಡಗೈಗೆ ಸಿಗುವ ಹಾಗೆ ಒರಗಿರುತ್ತದೆ. ಎಪ್ಪತ್ತರವರೆಗೂ ದುಡಿದವಳಿಗೆ ಸತ್ತ ಮೇಲೂ ಬಿಡುವಿಲ್ಲ. ಬಿಡುಗಡೆಯ ದಾರಿ ಒಂದೇ, ಇನ್ನೊಬ್ಬರ ಹೆಸರು. ಅದು ಅವನಿಗೆ ಗೊತ್ತು.

ಆಗಾಗ ಹೊಸ ಹುಡುಗರು ಕೆಲಸಕ್ಕೆ ಬರುತ್ತಾರೆ. "ಏನ್ ಗುರು, ಸಕ್ಕತ್ ಹಳೇ ಪೀಸು!" ಎಂದು ಖುಷಿಯಿಂದ ಕೀಬೋರ್ಡಿಗೆ ಕೈ ಚಾಚುತ್ತಾರೆ.

ಅಂಜನ್ ಬೇಡ ಅನ್ನುತ್ತಾನೆ. ಇವತ್ತಿನವರೆಗೂ ಅಂದಿದ್ದಾನೆ. ಆದರೆ ಅನ್ನುವ ಮುಂಚೆ ನೆಲದ ಮೇಲಿನ ಪೊರಕೆಯ ಗೀರು ನೋಡುತ್ತಾ ಒಂದು ಕ್ಷಣ ಸುಮ್ಮನಿರುತ್ತಾನೆ. ಆ ಕ್ಷಣ ದಿನೇ ದಿನೇ ಉದ್ದವಾಗುತ್ತಿದೆ.