ಕನ್ನಗಳವಿಲ್ಲದ ಬಡಾವಣೆ

ಬೆಳಿಗ್ಗೆ ಬೀಗ ತೆಗೆದ ಕೈಗಡಿಯಾರದ ಅಂಗಡಿಯ ಯಜಮಾನ ತಲೆಯ ಮೇಲೆ ಕೈಹೊತ್ತು ಕುಳಿತ. ಕಪಾಟು ಖಾಲಿ. ಬಾಗಿಲ ಬೀಗ ಸರಿಯಾಗಿದೆ, ಹಿಂದಿನ ಕಿಟಕಿಯ ಗಾಜುಗಳೂ ಸರಿಯಾಗಿವೆ—ಮಾಲು ಮಾತ್ರ ಇಲ್ಲ.

ಇನ್‌ಸ್ಪೆಕ್ಟರ್ ಸಾಹೇಬರು ಬಂದರು, ಗಲ್ಲ ತುರಿಸಿಕೊಂಡರು, ತನಿಖೆ ಮುಗಿಸಿದರು. ಏನೂ ಒಡೆದಿಲ್ಲ ಎಂದಮೇಲೆ ಇದು ಕನ್ನಗಳವಲ್ಲ, ನಂಬಿಕೆದ್ರೋಹವಂತೆ. ಇನ್ನೊಂದು ಬೀಗದಕೈ ಇದ್ದದ್ದು ರಿಪೇರಿ ಮಾಡುವ ಹುಡುಗಿಯ ಬಳಿ. ಮಧ್ಯಾಹ್ನದೊಳಗೆ ಅವಳು ಲಾಕಪ್ಪಿನಲ್ಲಿದ್ದಳು.

ಬಡಾವಣೆಯ ಮೂಲೆಮೂಲೆಗೂ ‘ಈ ವರ್ಷ ಕನ್ನಗಳವು ಸೊನ್ನೆ’ ಎಂದು ಬ್ಯಾನರು ಕಟ್ಟಿಸಿದ ಪುಣ್ಯಾತ್ಮರು ಇದೇ ಸಾಹೇಬರು. ಅಂದು ಸಂಜೆ ಪುರಭವನದಲ್ಲಿ ಅದರದೇ ಚರ್ಚೆ: ಅಪರಾಧ ಇಳಿದದ್ದು ಲಾಠಿಯಿಂದಲೋ, ಬೀದಿದೀಪದಿಂದಲೋ? ಲಾಠಿಯ ಕಡೆ ಸಾಹೇಬರು, ದೀಪದ ಕಡೆ ಒಬ್ಬ ಪ್ರೊಫೆಸರ್. ನಿಜವಾಗಿ ಇಳಿದಿದೆಯೇ ಎಂದು ಕೇಳುವ ಯೋಗ್ಯತೆ ಇಬ್ಬರಿಗೂ ಇರಲಿಲ್ಲ.

ಹುಡುಗಿಯ ಅಣ್ಣ ಮಧ್ಯಾಹ್ನವೇ ನಮ್ಮ ದೊಡ್ಡಮ್ಮನ ಮುಂದೆ ಬಂದು ಅತ್ತಿದ್ದ. ದೊಡ್ಡಮ್ಮ ಪೊಲೀಸ್ ಕೆಲಸಕ್ಕೆ ಕೈಮುಗಿದು ಬಂದು ಖಾಸಗಿ ಪತ್ತೇದಾರಿಕೆ ಮಾಡುವವಳು. ನಾನು ಅವಳ ಸ್ಕೂಟರಿನ ಸಾರಥಿ. ತಂಗಿಯ ಕೂಸು ಇನ್ನೂ ಎದೆಹಾಲು ಬಿಟ್ಟಿಲ್ಲ, ಬೆಳಗಿನಿಂದ ಒಂದೇ ಸಮ ಅಳುತ್ತಿದೆ ಎಂದ ಆ ಅಣ್ಣ. ದೊಡ್ಡಮ್ಮ ಚಪ್ಪಲಿ ಮೆಟ್ಟಿದಳು.

ಅಂಗಡಿಯ ಹಿಂದಿನ ಕಿಟಕಿಗೆ ಬಣ್ಣ ಬಳಿಸಿದ್ದು ಯಾವಾಗ ಎಂದು ಯಜಮಾನನನ್ನು ಕೇಳಿದಳು. ಹೋದ ವರ್ಷ, ಆ ಸೋಮಾರಿ ಪೇಂಟರು ಗಾಜಿಗೆಲ್ಲ ಮೆತ್ತಿ ಹೋದ ಎಂದು ಅವನು ಗೊಣಗಿದ. ದೊಡ್ಡಮ್ಮ ಒಂದು ಗಾಜಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅಲ್ಲಿಂದ ಗಾಜಿನ ಅಂಗಡಿಗೆ, ಅಲ್ಲಿಂದ ನೇರ ಪುರಭವನಕ್ಕೆ ಹೋದೆವು.

ಚಪ್ಪಾಳೆ ನಿಂತಮೇಲೆ ದೊಡ್ಡಮ್ಮ ಎದ್ದಳು.

“ಸಾಹೇಬ್ರೇ, ಆ ಗಡಿಯಾರದ ಅಂಗಡಿ ಕಿಟಕಿಗೆ ಹೊಸ ಗಾಜು ಯಾಕೆ ಹಾಕಿಸಿದ್ರಿ?”

“ಯಾವ ಗಾಜು?”

“ಉಳಿದವಕ್ಕೆಲ್ಲ ಪೇಂಟು ಮೆತ್ಕೊಂಡಿದೆ, ಅದೊಂದು ಲಕಲಕ ಅಂತಿದೆ. ಗಾಜು ಕೂರಿಸೋಕೆ ಅಂಚಿಗೆ ಮೆತ್ತಿದ ಪುಟ್ಟಿ ಒಣಗೇ ಇಲ್ಲ, ಬೆರಳು ಒತ್ತಿದ್ರೆ ಒಳಗೆ ಹೋಗುತ್ತೆ.”

“ಆ ಕಳ್ಳೀನೇ ಹಾಕಿಸಿರ್ಬಹುದು—”

“ಬೀಗದಕೈ ಇರೋಳು ಗಾಜು ಯಾಕೆ ಒಡೀತಾಳೆ? ಒಡೆದ ಕಳ್ಳ ಓಡ್ತಾನೋ, ಕೂತು ರಿಪೇರಿ ಮಾಡ್ತಾನೋ? ಯಜಮಾನನಿಗಿಂತ ಮುಂಚೆ ಆ ಒಡೆದ ಗಾಜನ್ನ ನೋಡಿದ್ದು ನಿಮ್ಮ ರಾತ್ರಿ ಗಸ್ತಿನೋರು. ಗಾಜು ಒಡೆದಿದ್ರೆ ಕನ್ನಗಳವು, ನಿಮ್ಮ ಸೊನ್ನೆ ಹೋಯ್ತು. ಬೆಳಕು ಹರಿಯೋ ಮುಂಚೆ ನೀವು ಎಬ್ಬಿಸಿದ ಗಾಜಿನೋನು ಹೊರಗೆ ನಿಂತಿದಾನೆ. ಕರೀಲಾ?”

ಸಾಹೇಬರ ಮುಖ ಹುಳ್ಳಗಾಯಿತು. ಪ್ರೊಫೆಸರ್ ಎದ್ದು, ಈ ಒಂದನ್ನು ಈ ವರ್ಷದ ಲೆಕ್ಕಕ್ಕೆ ಸೇರಿಸಬೇಕೋ ಮುಂದಿನ ವರ್ಷದ್ದಕ್ಕೋ ಎಂದು ಕೇಳಿದರು. ಸಭೆ ಅದನ್ನೂ ಗಂಭೀರವಾಗಿ ಚರ್ಚಿಸತೊಡಗಿತು. ಥೂ, ಇವರ ಲೆಕ್ಕಕ್ಕಿಷ್ಟು!

“ಮೊದಲು ಆ ಹುಡುಗೀನ ಬಿಡ್ಸಿ,” ಎಂದು ದೊಡ್ಡಮ್ಮ ಸಾಹೇಬರ ಕೈಗೆ ಫೋನು ಕೊಟ್ಟಳು.

ಠಾಣೆಯ ಮೆಟ್ಟಿಲ ಮೇಲೆ ಹುಡುಗಿ ಅಣ್ಣನ ಕೈಯಿಂದ ಕೂಸನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ಅಳು ನಿಂತಮೇಲೆ ಕೇಳಿದಳು:

“ಅಮ್ಮಾ, ಕದ್ದೋನು ಸಿಕ್ಕಿದ್ನಾ?”

“ಯಾರಾದ್ರೂ ಹುಡುಕಿದ್ರೆ ತಾನೇ ಸಿಗೋದು,” ಎಂದಳು ದೊಡ್ಡಮ್ಮ.